ಎಳೆ ತುಕ್ಕು, ಬಲಿತ ತುಕ್ಕು

ಗೋಡೆ ಉಜ್ಜುವುದು ನನ್ನ ಹವ್ಯಾಸ ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ನಗಲಿ. ಅವರಲ್ಲಿ ಒಬ್ಬರು ಈ ವಯಸ್ಸಿನಲ್ಲಿ ವೀಣೆ ಕಲಿಯುತ್ತಿದ್ದಾರೆ. ಇನ್ನೊಬ್ಬರು ಬಾಲ್ಕನಿಯ ಕುಂಡದಲ್ಲಿ ಕೊತ್ತಂಬರಿ ಬೆಳೆದು ಅದರ ಫೋಟೋ ಕಳಿಸುತ್ತಾರೆ. ಅದನ್ನೆಲ್ಲ ಹವ್ಯಾಸವೆಂದು ಒಪ್ಪುವ ಜನ, ಬಕೆಟ್ಟು, ತೆಂಗಿನ ನಾರು, ಹಳೆಯ ಬನಿಯನ್ ತುಂಡು ಇಟ್ಟುಕೊಂಡು ಎಳೆಬಿಸಿಲಲ್ಲಿ ಸ್ವಂತ ಕಾಂಪೌಂಡಿನೆದುರು ಕುಕ್ಕರಗಾಲಲ್ಲಿ ಕೂತವನನ್ನು ಮಾತ್ರ ಕನಿಕರದಿಂದ ನೋಡುವುದು ಯಾವ ನ್ಯಾಯ? ಪಾಪಿನಾಯಕನಹಳ್ಳಿಯಲ್ಲಿ ಮನೆ ಇದ್ದವನಿಗೆ ಬೇರೆ ಹವ್ಯಾಸ ಹುಡುಕುವ ಕಷ್ಟವಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಗೋಡೆಯ ಮೇಲೆ ಕೆಲಸ ತಯಾರಿರುತ್ತದೆ.

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟರೆ ಕಾರಿಗನೂರು, ವಡ್ಡರಹಳ್ಳಿ ದಾಟಿ ನಮ್ಮೂರು. ಮುಂದೆ ಗಾದಿಗನೂರು, ತೋರಣಗಲ್ಲು. ಆತುರದವರ ಬಾಯಲ್ಲಿ ಇದು ಪಿ.ಕೆ. ಹಳ್ಳಿ. ಮೊದಲು ಬಳ್ಳಾರಿ ಜಿಲ್ಲೆಯವರಾಗಿದ್ದೆವು, 2021ರಿಂದ ವಿಜಯನಗರ ಜಿಲ್ಲೆಯವರು. ಧೂಳು ಮಾತ್ರ ಯಾವ ಅಧಿಸೂಚನೆಯನ್ನೂ ಓದಿಲ್ಲ. ದಕ್ಷಿಣಕ್ಕೆ ತಿರುಗಿ ನಿಂತರೆ ಸಂಡೂರಿನ ಗುಡ್ಡಸಾಲು. ಮಳೆಗಾಲದಲ್ಲಿ ಅದು ಹಸಿರು, ಉಳಿದ ಕಾಲದಲ್ಲಿ ಅದರ ನಿಜ ಬಣ್ಣ.

ಬೇರೆ ಊರುಗಳಲ್ಲಿ ದನಕರು ಮನೆಗೆ ಮರಳುವ ಹೊತ್ತಿಗೆ ಏಳುವುದು ಗೋಧೂಳಿ. ಆ ಹೊತ್ತಿಗೆ ಮದುವೆಯ ಮುಹೂರ್ತವನ್ನೂ ಇಡುತ್ತಾರೆ. ನಮ್ಮಲ್ಲಿ ಏಳುವುದು ಲಾರಿಧೂಳಿ. ಅದಕ್ಕೆ ಹೊತ್ತುಗೊತ್ತಿಲ್ಲ, ಮುಹೂರ್ತದ ಮಾತಂತೂ ಬೇಡ. ಆ ಗುಡ್ಡದ ಕಬ್ಬಿಣದ ಅದಿರು ಹೊತ್ತ ಟಿಪ್ಪರು ತಾಡಪತ್ರಿ ಹೊದ್ದುಕೊಂಡಿದ್ದರೂ ಅಂಚಿನಿಂದ ಇಷ್ಟಿಷ್ಟೇ ಉದುರಿಸುತ್ತ ಹೋಗುತ್ತದೆ. ಉದುರಿದ್ದನ್ನು ಹಿಂದಿನ ಲಾರಿಯ ಗಾಲಿ ಅರೆಯುತ್ತದೆ, ಅದರ ಹಿಂದಿನದು ಇನ್ನಷ್ಟು ನುಣ್ಣಗೆ ಮಾಡುತ್ತದೆ. ನಾಟಿ ವೈದ್ಯರು ಬಟ್ಟೆಯಲ್ಲಿ ಸೋಸಿ ಪಡೆಯುವಷ್ಟು ನಯವಾದ ಚೂರ್ಣ ರಸ್ತೆಯ ಮೇಲೆ ಪುಕ್ಕಟೆ ತಯಾರಾಗಿ, ಗಾಳಿ ಬಂದ ಕೂಡಲೇ ಮನೆಮನೆಗೆ ಹಂಚಿಕೆಯಾಗುತ್ತದೆ. ಬೇವಿನೆಲೆ, ಹಗ್ಗದ ಮೇಲಿನ ಪಂಚೆ, ಬಿಳಿ ನಾಯಿ, ನೀಲಿ ಸ್ಕೂಟರು, ಎಲ್ಲಕ್ಕೂ ಒಂದೇ ಜಾತಿ. ಅಂಚೆ ಡಬ್ಬಿಯೊಂದು ಹುಟ್ಟಾ ಕೆಂಪಗಿದ್ದರಿಂದ ಮರ್ಯಾದೆ ಉಳಿಸಿಕೊಂಡಿದೆ.

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್. ಅದರ ಹಿಂದುಮುಂದಿನ ವರ್ಷಗಳಲ್ಲಿ ಚೀನಾ ಎಷ್ಟು ಅದಿರು ಕೊಟ್ಟರೂ ಸಾಲದು ಎನ್ನುತ್ತಿತ್ತು, ನಮ್ಮ ರಸ್ತೆಯಲ್ಲಿ ಲಾರಿಗಳ ಸಾಲಿಗೆ ತಲೆಬುಡ ಇರಲಿಲ್ಲ. ಆಮೇಲೆ 2011ರ ಜುಲೈ ಬಂತು. ಅಕ್ರಮ ಗಣಿಗಾರಿಕೆ ಕುರಿತು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಅದರ ಬೆನ್ನಿಗೇ 29ರಂದು ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಆ ದೀಪಾವಳಿಗೆ ಬಳಿದ ಸುಣ್ಣ ಯುಗಾದಿಯವರೆಗೂ ಸುಣ್ಣವಾಗಿಯೇ ಉಳಿಯಿತು. ಬೇವಿನ ಮರ ಹಸಿರಾಗಿರುತ್ತದೆ ಎಂಬುದನ್ನು ಊರಿನ ಮಕ್ಕಳು ಕಣ್ಣಾರೆ ಕಂಡರು. ಆದರೆ ಲಾರಿಯ ಕಂತು ಕಟ್ಟಲಾರದವರು, ಡಾಬಾ ಮುಚ್ಚಿದವರು, ಪಂಕ್ಚರ್ ಅಂಗಡಿಯಲ್ಲಿ ಕೈಕಟ್ಟಿ ಕೂತವರು ಗೋಡೆಯ ಬಿಳುಪು ನೋಡಿ ಸಂತೋಷಪಡುವ ಸ್ಥಿತಿಯಲ್ಲಿರಲಿಲ್ಲ. ಗೋಡೆ ಬೆಳ್ಳಗಿದ್ದು ಒಲೆ ತಣ್ಣಗಿದ್ದ ಕಾಲ. 2013ರ ಏಪ್ರಿಲ್‌ನಲ್ಲಿ ಕೋರ್ಟು ಷರತ್ತು ಹಾಕಿ ಕೆಲವು ಗಣಿಗಳಿಗೆ ಮತ್ತೆ ದಾರಿ ಬಿಟ್ಟಿತು. ಉತ್ಪಾದನೆಗೊಂದು ಮಿತಿ ಬಂತು, ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರು ಬಂತು. ಈಗ ಧೂಳು ಒಮ್ಮೊಮ್ಮೆ ಕೆಸರಿನ ರೂಪದಲ್ಲಿ ಕಾಂಪೌಂಡಿಗೆ ಹಾರುತ್ತದೆ. ಎದೆಯೊಳಗೆ ಇಳಿದ ಧೂಳನ್ನು ತೆಂಗಿನ ನಾರಿನಿಂದ ಉಜ್ಜಲಾಗದು ಎಂಬುದು ನನಗೂ ಗೊತ್ತು. ಆ ಮಾತಿಗೆ ಬೇರೆಯೇ ದನಿ ಬೇಕು, ಅದನ್ನು ಬೇರೆಯೇ ದಿನ ಆಡಬೇಕು. ಇವತ್ತು ಗೋಡೆಯಷ್ಟೇ.

ಹೊಸಬರಿಗೆ ಗೋಡೆಯ ಮೇಲಿನ ಕೆಂಪೆಲ್ಲ ಒಂದೇ ಎನಿಸುತ್ತದೆ. ಕೂತು ನೋಡುವ ಪುರಸೊತ್ತು ಇದ್ದರೆ ಅದರೊಳಗೆ ಕುಲಗೋತ್ರ ಕಾಣಿಸತೊಡಗುತ್ತವೆ. ಧೂಳಿನ ಕೆಂಪು ಹೊರಗಿನಿಂದ ಬರುವಂಥದ್ದು. ಅದು ಗೋಡೆಗೆಲ್ಲ ಸಮನಾಗಿ ಹರಡಿ, ಸಜ್ಜದ ಮೇಲೆ, ಕಿಟಕಿಯ ಅಂಚಿನಲ್ಲಿ, ಒರಟು ಗಿಲಾಯದ ಗುಳಿಗಳಲ್ಲಿ ಹೆಚ್ಚು ಕೂರುತ್ತದೆ. ಬಣ್ಣ ಕಡುಗೆಂಪು, ಸ್ವಲ್ಪ ಕುಂಕುಮದ ಕಡೆಗೆ. ಇನ್ನೊಂದು ಮನೆಯೊಳಗಿನಿಂದಲೇ ಹುಟ್ಟುವಂಥದ್ದು. ಗ್ರಿಲ್ಲಿನ ಸರಳು ಗೋಡೆಗೆ ಸೇರುವಲ್ಲಿ, ಗೇಟಿನ ತಿರುಗಣಿಯ ಕೆಳಗೆ, ತಗಡಿನ ಶೀಟಿಗೆ ಹೊಡೆದ ಬೋಲ್ಟಿನ ಬುಡದಲ್ಲಿ, ಕೂಲರಿನ ಸ್ಟ್ಯಾಂಡು ನಿಂತ ಜಾಗದಲ್ಲಿ ಹುಟ್ಟಿ, ನೀರು ಹರಿದ ದಾರಿ ಹಿಡಿದು ಗೆರೆಯಾಗಿ ಇಳಿಯುತ್ತದೆ. ಅದರ ಬಣ್ಣ ಕಿತ್ತಳೆಗೂ ಕಂದಿಗೂ ನಡುವಿನದು. ಕಿಟಕಿ ಅತ್ತ ಗುರುತು. ಬದನೆಕಾಯಿಯಲ್ಲಿ ಎಳೆಯದು, ಬಲಿತದ್ದು ಇರುವ ಹಾಗೆ ತುಕ್ಕಿನಲ್ಲೂ ಇದೆ ಎಂಬುದು ನನ್ನ ಸಿದ್ಧಾಂತ. ಗ್ರಿಲ್ಲಿನದು ಎಳೆ ತುಕ್ಕು, ಗುಡ್ಡದ್ದು ಬಲಿತ ತುಕ್ಕು. ಈ ಭೇದ ತಿಳಿಯದೆ ಉಜ್ಜಲು ಕೂರುವವನಿಗೆ ತೋಳುನೋವು ಬರುತ್ತದೆ, ತತ್ತ್ವಜ್ಞಾನ ಬರುವುದಿಲ್ಲ.

ಎಳೆಯದು ನೀರಿನಂಶವನ್ನು ಒಳಗೇ ಹಿಡಿದುಕೊಂಡ ಐರನ್ ಆಕ್ಸೈಡ್. ಸಡಿಲ ಮೈ, ಮೆತುವಾದ ಸ್ವಭಾವ. ಹುಳಿ ಕಂಡರೆ ಕರಗುತ್ತದೆ. ಪಂಚೆಗೆ ತುಕ್ಕಿನ ಕಲೆ ಹತ್ತಿದರೆ ನಮ್ಮ ಅಜ್ಜಿಯರು ನಿಂಬೆಹೋಳಿಗೆ ಉಪ್ಪು ಅದ್ದಿ ತಿಕ್ಕಿ ಬಿಸಿಲಿಗೆ ಹರವುತ್ತಿದ್ದುದು ಇದೇ ಲೆಕ್ಕದ ಮೇಲೆ. ಗೋಡೆಗೂ ಅದು ನಡೆಯುತ್ತದೆ. ಹೋಳನ್ನು ಗೆರೆಯ ಮೇಲೆ ಒತ್ತಿ ಹಿಡಿದು, ರಸ ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ, ಕಾಫಿ ಕುಡಿದು ಬಂದು ನೋಡಿದರೆ ಗೆರೆ ಮಾಸಲಾಗಿರುತ್ತದೆ. ಆ ಮಾಸಲಾಗುವುದನ್ನು ನೋಡುವುದರಲ್ಲಿ ಒಂದು ಸುಖವಿದೆ, ಅದನ್ನು ಉಜ್ಜಾನಂದ ಎನ್ನೋಣ. ಮನೆಯಾಕೆಗೆ ಈ ಆನಂದದ ಪರಿಚಯವಿಲ್ಲ. "ಉಪ್ಪಿನಕಾಯಿಗಂತ ತರಿಸಿದ ನಿಂಬಿಹಣ್ಣು ಗ್ವಾಡಿಗೆ ತಿಕ್ಕಾಕತ್ತೀರಲ್ರೀ, ಗ್ವಾಡಿ ಏನ್ ಊಟಕ್ಕ ಕುಂದ್ರತೈತಾ?" ಎಂದು ಅಡುಗೆಮನೆಯ ಕಿಟಕಿಯಿಂದ ಪ್ರಶ್ನೆ ಬರುತ್ತದೆ. ಹಿತ್ತಾಳೆಯ ಚಿಲಕದ ಹಸಿರು ಕಿಲುಬಿಗೆ ಆಕೆಯೇ ಹುಣಸೆಹಣ್ಣು ಹಚ್ಚಿ ಬೆಳಗುವಾಗ ನಾನು ಹೀಗೆ ಕೇಳಿದ್ದಿಲ್ಲ.

ನಿಂಬೆ ದುಬಾರಿಯಾದ ಬೇಸಿಗೆಯಲ್ಲಿ ಪೇಂಟ್ ಅಂಗಡಿಯ ಆಕ್ಸಾಲಿಕ್ ಆ್ಯಸಿಡ್ ಇದೆ. ನೋಡಲು ಬಿಳಿ ಹರಳು, ಸಾಧು ಮುಖ, ಆದರೆ ಅಪ್ಪಟ ವಿಷ. ರಬ್ಬರ್ ಗ್ಲೌಸಿಲ್ಲದೆ ಮುಟ್ಟಬಾರದು, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ನೀರಲ್ಲಿ ಕರಗಿಸಿ ಹಚ್ಚಿದರೆ ತುಕ್ಕಿನೊಳಗಿನ ಕಬ್ಬಿಣವನ್ನು ಅದು ತಬ್ಬಿಹಿಡಿದು ನೀರಲ್ಲಿ ಕರಗುವ ಹಾಗೆ ಮಾಡುತ್ತದೆ. ಆಮೇಲೆ ಧಾರಾಳವಾಗಿ ನೀರು ಸುರಿದು ತೊಳೆದರಾಯಿತು. ಈ ಆಮ್ಲ ನಮ್ಮ ಹೊಲಕ್ಕೆ ಹೊಸದೇನಲ್ಲ ಎಂಬುದು ನನಗೆ ಬಲು ಇಷ್ಟದ ಸಂಗತಿ. ಎರೆಹೊಲದ ಹಿಂಗಾರಿ ಕಡಲೆಗಿಡದ ನಡುವೆ ಚಳಿಗಾಲದ ಬೆಳಿಗ್ಗೆ ನಡೆದುಹೋದರೆ ಕಾಲಿಗೆ ಹುಳಿಹುಳಿ ಇಬ್ಬನಿ ಅಂಟುತ್ತದೆ. ಹಿಂದಿನವರು ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಅದನ್ನು ಹಿಂಡಿ ಕಡಲೆಹುಳಿ ಮಾಡಿಟ್ಟುಕೊಂಡು ಹೊಟ್ಟೆನೋವಿಗೆ ಕೊಡುತ್ತಿದ್ದರು. ಆ ಹುಳಿಯಲ್ಲಿ ಮ್ಯಾಲಿಕ್ ಆಮ್ಲದ ಜೊತೆ ಈ ಆಕ್ಸಾಲಿಕ್ಕೂ ಇದೆ. ಹೊಲದಲ್ಲಿ ಇಬ್ಬನಿಯಾಗಿದ್ದದ್ದು ಅಂಗಡಿಯಲ್ಲಿ ಹರಳಾಗಿ ಕೂತಿದೆ; ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಕೂತರೆ ಅದೇ ಕಲ್ಲು. ನಮ್ಮ ಕಡೆಯ ಬಿಸಿಲಿನಲ್ಲಿ ನೀರು ಕುಡಿಯದೆ ಗೋಡೆ ಉಜ್ಜುವವರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಆತುರದವರ ದಾರಿಗಳೂ ಇವೆ, ಅವು ಚೆನ್ನಾಗಿಲ್ಲ. ಬಚ್ಚಲುಮನೆ ತೊಳೆಯುವ ಆ್ಯಸಿಡ್ ತಂದು ಸುರಿದರೆ ಅದು ತುಕ್ಕಿನ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಕಡಪ ಕಲ್ಲಿನ ಕಟ್ಟೆಯಾದರೆ ನೊರೆಗರೆದು ಹೊಳಪು ಹೋಗುತ್ತದೆ. ಸುಣ್ಣದ ಕುಲದ ಕಲ್ಲು ಯಾವ ಹುಳಿಯನ್ನೂ ಸಹಿಸುವುದಿಲ್ಲ, ನಿಂಬೆಯನ್ನು ಕೂಡ, ಬಂಡೆಗಲ್ಲು ಸಹಿಸುತ್ತದೆ. ಬ್ಲೀಚಿಂಗ್ ಪೌಡರಿನದು ಇನ್ನೂ ತಮಾಷೆ. ಪಾಚಿಯ ಕಪ್ಪಿಗೆ ಅದು ಮದ್ದು, ಆದರೆ ತುಕ್ಕೆಂಬುದು ಆಮ್ಲಜನಕದಿಂದಲೇ ಹುಟ್ಟಿದ್ದು, ಬ್ಲೀಚಿಂಗಿನ ಕಸುಬೂ ಆಮ್ಲಜನಕ ಹಂಚುವುದೇ. ಕಲೆ ಹೋಗುವ ಬದಲು ಗಟ್ಟಿಯಾಗಿ ನೆಲೆಯೂರುತ್ತದೆ. ತಂತಿ ಬ್ರಷ್ ಹಿಡಿದು ಪೌರುಷ ತೋರಿಸುವವರೂ ಇದ್ದಾರೆ. ಬ್ರಷ್ಷಿನ ಉಕ್ಕಿನ ಸಣ್ಣ ಚೂರುಗಳು ಗಿಲಾಯದಲ್ಲಿ ಸಿಕ್ಕಿಕೊಂಡು, ಒಂದು ಮಳೆ ಬಿದ್ದ ಮೇಲೆ ಒಂದು ಗೆರೆಯಿದ್ದಲ್ಲಿ ನೂರು ಚುಕ್ಕೆ ಮೂಡುತ್ತವೆ. ತೆಂಗಿನ ನಾರೇ ಸಾಕು. ನಾರಿಗೆ ಇನ್ನೊಂದು ಗುಣವಿದೆ, ಅದು ಸದ್ದು ಮಾಡುವುದಿಲ್ಲ; ಉಜ್ಜುತ್ತ ಉಜ್ಜುತ್ತ ಬೇರೆ ಏನಾದರೂ ಯೋಚಿಸಬಹುದು.

ಹಾಗೆ ಯೋಚಿಸುವಾಗಲೇ ಗುಡ್ಡದ ವಿಷಯ ಬರುವುದು. ಬಲಿತ ತುಕ್ಕಿಗೆ ನಿಂಬೆ ತಾಗಿಸಿ ನೋಡಿ, ಅದು ಮಿಸುಕುವುದಿಲ್ಲ. ಹೆಮಟೈಟ್ ಎಂಬ ಈ ಅದಿರು ತಣ್ಣನೆಯ ಹುಳಿಗೆ ಬಹಳ ನಿಧಾನವಾಗಿ, ಬೇಕೋ ಬೇಡವೋ ಎಂಬಂತೆ ಕರಗುತ್ತದೆ. ಏಕೆ ಕರಗೀತು? ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಈಗ ಸಂಡೂರಿನ ಗುಡ್ಡವಿರುವಲ್ಲಿ ಆಗ ಸಮುದ್ರ. ಗಿಡವಿಲ್ಲ, ಮೀನಿಲ್ಲ, ನೋಡಲು ಕಣ್ಣಿದ್ದ ಜೀವಿಯೇ ಇಲ್ಲ. ನೀರಿನಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳು ಬಿಸಿಲುಂಡು ಆಮ್ಲಜನಕ ಬಿಡತೊಡಗಿದವು, ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು, ಒಂದು ಪದರ ಕಬ್ಬಿಣ ಒಂದು ಪದರ ಸಿಲಿಕಾ ಎಂದು ಪಟ್ಟೆಪಟ್ಟೆಯಾಗಿ ಕೂತಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಮುಂದೆ ನೆಲ ಎದ್ದಿತು, ಯುಗಯುಗಗಳ ಮಳೆ ಸಿಲಿಕಾವನ್ನು ತೊಳೆದೊಯ್ದಿತು, ಉಳಿದದ್ದು ಸಿರಿವಂತ ಅದಿರು. ಶುದ್ಧ ಹೆಮಟೈಟಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ 70 ಪಾಲು ಕಬ್ಬಿಣ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಬೆಟ್ಟಗಳನ್ನೆಲ್ಲ ಸುತ್ತಿ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿವರ ಪ್ರಕಟಿಸಿದ. ಅವನ ಬಟ್ಟೆ ಒಗೆಯುತ್ತಿದ್ದವರ ನೆನಪನ್ನು ಯಾರೂ ಬರೆದಿಡಲಿಲ್ಲವಲ್ಲ ಎಂಬುದು ನನ್ನ ಕೊರಗು. ಫೂಟ್ ಬರುವ ಮೊದಲೇ ಜನರ ಬಳಿ ಬೇರೆ ವಿವರವಿತ್ತು. ಕುಮಾರಸ್ವಾಮಿ ತಾರಕಾಸುರನನ್ನು ಕೊಂದದ್ದು ಸಂಡೂರಿನ ಗುಡ್ಡದಲ್ಲಿ, ಮಣ್ಣು ಕೆಂಪಾದದ್ದು ಅವನ ರಕ್ತದಿಂದ ಎಂದು. ರಕ್ತ ಕೆಂಪಗಿರುವುದೂ ಅದರೊಳಗಿನ ಕಬ್ಬಿಣದಿಂದಲೇ ಆದ್ದರಿಂದ, ಕಥೆ ಹೇಳುವವರಿಗೂ ವಿಜ್ಞಾನಿಗಳಿಗೂ ನಡುವೆ ನಾನು ಜಗಳ ಹಚ್ಚುವುದಿಲ್ಲ.

ಒಟ್ಟಿನಲ್ಲಿ, ಆಕಾಶದ ಅಂಚಿಗೆ ನಿಂತಿರುವ ಆ ಸಾಲು ಒಂದು ಹಳೆಯ ಸಮುದ್ರದ ತುಕ್ಕು. ಅದರ ಒಂದು ಚಿಟಿಕೆ ಬಂದು ನಮ್ಮ ಗೋಡೆಯ ಮೇಲೆ ಕೂತರೆ ನಾನು ಬನಿಯನ್ ತುಂಡು ಹಿಡಿದು ಏಳುತ್ತೇನೆ. 270 ಕೋಟಿ ವರ್ಷಕ್ಕೆ ಒಂದು ಬಕೆಟ್ ನೀರು.

ಆದರೆ ಬಲಿತ ತುಕ್ಕಿಗೆ ಎಳೆಯದಕ್ಕಿಲ್ಲದ ಒಂದು ಘನತೆಯಿದೆ: ತುಕ್ಕು ಹಿಡಿಯುವ ಕೆಲಸ ಅದು ಮುಗಿಸಿಯಾಗಿದೆ. ಇನ್ನು ಯಾರನ್ನೂ ತಿನ್ನುವುದಿಲ್ಲ. ಹೊಸ ಗ್ರಿಲ್ಲಿಗೆ ವೆಲ್ಡಿಂಗ್ ಅಂಗಡಿಯವರು ಮೊದಲು ಬಳಿಯುವ ರೆಡ್ ಆಕ್ಸೈಡ್ ಇದೆಯಲ್ಲ, ಅದರ ಬಣ್ಣ ಇದೇ ಐರನ್ ಆಕ್ಸೈಡಿನದು. ಎಳೆ ತುಕ್ಕು ಬಾರದಿರಲಿ ಎಂದು ಬಲಿತ ತುಕ್ಕನ್ನು ದುಡ್ಡು ಕೊಟ್ಟು ತಂದು ಬಳಿಯುತ್ತೇವೆ. ಹಳೆ ಮನೆಗಳ ನುಣುಪಾದ ಕೆಂಪು ನೆಲ, ಬೇಸಿಗೆಯ ಮಧ್ಯಾಹ್ನ ಅಂಗಾತ ಮಲಗಿ ಬೆನ್ನು ತಂಪು ಮಾಡಿಕೊಳ್ಳುತ್ತಿದ್ದೆವಲ್ಲ, ಅದೂ ಇದೇ ರೆಡ್ ಆಕ್ಸೈಡು. ಹೊಸ್ತಿಲಿನ ಕೆಮ್ಮಣ್ಣು ಇದೇ. ಗುಡಿಯ ಗೋಡೆಯ ಮೇಲೆ ಸುಣ್ಣದ ಪಟ್ಟೆಯ ಪಕ್ಕ ಎಳೆಯುವ ಜಾಜಿನ ಪಟ್ಟೆ ಇದೇ. ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು ಎಂದು ಮೊದಲು ತೀರ್ಮಾನಿಸಿದವರು ಯಾರೋ, ಅವರು ನಮ್ಮಂಥ ಸೀಮೆಯವರೇ ಇರಬೇಕು. ಕೆಂಪು ಹೇಗೂ ಬರುತ್ತದೆ, ನಾವೇ ಕರೆದು ಅರ್ಧ ಜಾಗ ಕೊಟ್ಟುಬಿಡೋಣ ಎಂಬ ಜಾಣತನ ಅದರಲ್ಲಿದೆ.

ಹಂಪಿಯ ಎದುರು ದಡ, ಆನೆಗೊಂದಿಯ ಹತ್ತಿರ ಒನಕೆ ಕಿಂಡಿ ಎಂಬ ಬಂಡೆಗಳ ಸಂದಿಯಿದೆ. ಗಂಗಾವತಿ ಕಡೆ ಹಿರೇಬೆಣಕಲ್ಲಿನಲ್ಲೂ ಅಂಥವೇ ಬಂಡೆಗಳು. ಸಾವಿರಾರು ವರ್ಷಗಳ ಹಿಂದೆ ಯಾರೋ ಅಲ್ಲಿ ಕೆಮ್ಮಣ್ಣು ಕಲಸಿ ಬೆರಳು ಅದ್ದಿ ಬಂಡೆಯ ಮೇಲೆ ಗೂಳಿ, ಮನುಷ್ಯ ಎಂದು ಬರೆದಿಟ್ಟು ಹೋಗಿದ್ದಾರೆ. ಪ್ರೈಮರಿಲ್ಲ, ಎರಡನೇ ಕೋಟಿಲ್ಲ, ಗ್ಯಾರಂಟಿ ಕಾರ್ಡಿಲ್ಲ. ಇನ್ನೂ ಇದೆ. ನಮ್ಮ ಗೋಡೆಗೆ ಹಚ್ಚಿಸಿದ ಬಣ್ಣಕ್ಕೆ ಡಬ್ಬದ ಮೇಲೆ ಏಳು ವರ್ಷ ಎಂದು ಅಚ್ಚಾಗಿತ್ತು. ಅದು ಬಿಸಿಲಿಗೆ ಬಾಡಿ ಮುಟ್ಟಿದರೆ ಕೈಗೆ ಸುಣ್ಣದಪುಡಿಯಂತೆ ಹತ್ತುತ್ತದೆ. ಬಣ್ಣವನ್ನು ಹಿಡಿದಿಟ್ಟ ಅಂಟು ಬಿಸಿಲು ಗಾಳಿಗೆ ಸತ್ತುಹೋಗುವುದರಿಂದ ಹೀಗೆ. ಅಂಥ ಪುಡಿಗೋಡೆಯನ್ನು ತೊಳೆದು ಒಣಗಿಸದೆ ಮೇಲೆ ಹೊಸ ಬಣ್ಣ ಬಳಿದರೆ ಅದೂ ಸಿಪ್ಪೆಯಾಗಿ ಏಳುತ್ತದೆ. ತೊಳೆಯುವುದಕ್ಕೂ ಒಂದು ಕ್ರಮ: ಮೊದಲು ಒಣ ಪೊರಕೆ, ಆಮೇಲೆ ಗೋಡೆಯ ಕೆಳಭಾಗವನ್ನು ಒದ್ದೆ ಮಾಡಿ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಬೇಕು, ಕೊನೆಗೆ ಮೇಲಿನಿಂದ ನೀರು ಬಿಡಬೇಕು. ಒಣ ಗೋಡೆಯ ಮೇಲೆ ಕೆಂಪು ನೀರು ಇಳಿದರೆ ಗೆರೆಗೆರೆಯಾಗಿ ಕಚ್ಚುತ್ತದೆ. ಒದ್ದೆ ಗೋಡೆ ಕುಡಿಯುವುದಿಲ್ಲ, ಜಾರಿಸಿಬಿಡುತ್ತದೆ.

ಕೆಂಪು ಧೂಳು ನಮಗೆ ಮಾತ್ರ ಬಂದ ಶಾಪವೂ ಅಲ್ಲ. ಮಂಗಳ ಗ್ರಹ ಕೆಂಪಗೆ ಕಾಣುವುದು ಅಲ್ಲಿನ ಕಬ್ಬಿಣದ ತುಕ್ಕಿನ ಧೂಳಿನಿಂದ. 2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ಆ ಗ್ರಹದ ಕಕ್ಷೆ ಸೇರಿ ಫೋಟೋ ಕಳಿಸಿದಾಗ, ಪತ್ರಿಕೆ ಹಿಡಿದ ಓಣಿಯ ಹುಡುಗನೊಬ್ಬ "ಇದು ನಮ್ಮ ಪ್ಲಾಟ್ ಅಲ್ಲೇನ್ರೀ?" ಎಂದು ಕೇಳಿದ್ದ. ಅದಿರು ರಾಶಿ ಹಾಕುವ ಜಾಗಕ್ಕೆ ನಾವು ಪ್ಲಾಟ್ ಎನ್ನುತ್ತೇವೆ. ಅವನ ಅನುಮಾನ ತೀರಾ ತಪ್ಪೇನಲ್ಲ. ಮಂಗಳದಲ್ಲಿ ಗೋಡೆಗಳಿಲ್ಲ, ಅಷ್ಟೇ ಅನುಕೂಲ.

ಎಳೆ ತುಕ್ಕಿನ ಬಗ್ಗೆ ಮಾತ್ರ ಸಲಿಗೆ ಸಲ್ಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನಿಂತು, ಹರಿಯುವ ನೀರಿನಲ್ಲೇ ತಡೆಹಲಗೆಯಂಥ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ವಾರ ಹೊಸಪೇಟೆಯ ಪ್ರತಿ ಚಹದಂಗಡಿಯಲ್ಲೂ ಒಬ್ಬೊಬ್ಬ ಕಬ್ಬಿಣತಜ್ಞ ಹುಟ್ಟಿಕೊಂಡ. ನಾನೂ ಮನೆಗೆ ಬಂದು ಬಾವಿಯ ಗಡಗಡೆ, ಗೇಟಿನ ಕೊಂಡಿ, ತೂಗುಮಂಚದ ಸರಪಳಿ ಎಲ್ಲವನ್ನೂ ಹೊಸ ಕಣ್ಣಿನಿಂದ ನೋಡಿದೆ. ಅದರಲ್ಲೂ ನೋಡಬೇಕಾದದ್ದು ಸಜ್ಜದ ಅಡಿ. ಅಲ್ಲಿ ಕಬ್ಬಿಣವೇ ಕಾಣದ ಕಡೆ ಕಂದು ಚುಕ್ಕೆ ಎದ್ದಿದ್ದರೆ ನಿಂಬೆಹಣ್ಣು ಕೆಳಗಿಟ್ಟು ಗೌಂಡಿಯನ್ನು ಕರೆಯಬೇಕು. ಕಾಂಕ್ರೀಟಿನೊಳಗಿನ ಸರಳು ತುಕ್ಕಾಗುವಾಗ ಮೊದಲಿನ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಜಾಗ ಸಾಲದೆ ಕಾಂಕ್ರೀಟನ್ನೇ ಒಡೆಯುತ್ತದೆ. ಅಥೆನ್ಸಿನ ಪಾರ್ಥೆನಾನ್ ಗುಡಿಯನ್ನು ಕಳೆದ ಶತಮಾನದ ಆರಂಭದಲ್ಲಿ ರಿಪೇರಿ ಮಾಡಿದವರು ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದರು. ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿದವು. ಅವನ್ನೆಲ್ಲ ಕಿತ್ತು ಟೈಟೇನಿಯಂ ಹಾಕಬೇಕಾಯಿತು. ನಮ್ಮ ಗೌಂಡಿಗೆ ಟೈಟೇನಿಯಂ ಬೇಕಾಗಿಲ್ಲ. ಸಡಿಲ ಕಾಂಕ್ರೀಟು ಒಡೆದು ತೆಗೆದು, ಸರಳನ್ನು ಲೋಹ ಕಾಣುವವರೆಗೆ ಉಜ್ಜಿ, ತುಕ್ಕುತಡೆ ಬಳಿದು, ಗಿಲಾಯ ಮಾಡಿ, ಎಲೆಅಡಿಕೆ ಹಾಕಿಕೊಂಡು ಹೋಗುತ್ತಾನೆ.

ಈ ವರ್ಷ ಬಣ್ಣ ಹಚ್ಚಿಸುವ ಮಾತು ಬಂದಾಗ ಪೇಂಟರ್ ಗೋಡೆಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದ. "ಬಿಳಿ ಹಚ್ಚು ಅಂದ್ರ ಹಚ್ಚತೀನ್ ಸಾರ್, ನನಗೇನು. ವರ್ಸಾ ವರ್ಸಾ ಕರೀತೀರಿ, ನನ್ ಹುಡುಗ್ರು ಓದ್ಕಂತಾವ. ನನ್ ಮಾತ್ ಕೇಳೋದಾದ್ರ ಕೆಳಗ ಮೂರಡಿ ಜಾಜು ಹಚ್ಚಿಸ್ರಿ, ಮ್ಯಾಲ ಏನರ ಹಚ್ಚಿಸ್ರಿ." ಜಾಜಿನ ಮೇಲೆ ಬಿದ್ದ ಅದಿರುಧೂಳು ಕಾಣುವುದೇ ಇಲ್ಲ, ಎರಡೂ ಒಂದೇ ವಂಶವಲ್ಲವೇ. ಕೆಳಗೆ ಮೂರಡಿ ಜಾಜು, ಮೇಲೆ ಮಾಸಲು ಹಳದಿ ಎಂದು ತೀರ್ಮಾನವಾಗಿದೆ. ಮೂರಡಿಯಷ್ಟು ಹವ್ಯಾಸ ಕೈತಪ್ಪಿದ್ದಕ್ಕೆ ನನಗೆ ಸ್ವಲ್ಪ ಬೇಸರವಿದೆ. ಗ್ರಿಲ್ಲು, ಗೇಟು, ಬೋಲ್ಟುಗಳ ಬುಡದ ಕಿತ್ತಳೆ ಗೆರೆಗಳು ಮಾತ್ರ ಇನ್ನೂ ನನ್ನವೇ.

ನಮ್ಮ ಕಡೆ ಬರುವುದಾದರೆ ಮಳೆ ಹಿಡಿದ ಮೇಲೆ ಬನ್ನಿ, ಗುಡ್ಡ ನೋಡಲು ಚೆಂದ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ. ದಾರಿಯಲ್ಲಿ ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಒಂದಿಷ್ಟು ನಿಂಬೆಹಣ್ಣು ಕಟ್ಟಿಸಿಕೊಂಡು ಬನ್ನಿ. ಮನೆಯಲ್ಲಿ ಕೇಳಿದರೆ ಉಪ್ಪಿನಕಾಯಿಗೆ ತಂದದ್ದು ಎನ್ನಿ.